ಮಡ್ಡಿದೇಶದ ಐದು ಕ್ಷಿಪಣಿಗಳು

ನಮ್ಮ ದೇಶದ ಹತ್ತಿರ ಐದು ಕ್ಷಿಪಣಿಗಳಿದ್ದವು, ಐದೂ ಹೆಣ್ಣು. ಎಲ್ಲಕ್ಕಿಂತ ಚಿಕ್ಕದು ಕೂಸು. ಅದರ ಮೇಲೆ ತಂಗಿ, ಅಕ್ಕ, ಅವ್ವ. ಎಲ್ಲಕ್ಕಿಂತ ದೊಡ್ಡದಕ್ಕೆ ಅತ್ತಿ ಎಂದು ಹೆಸರಿಟ್ಟಿದ್ದೆ. ದೇಶದ ಹೆಸರು ಮಡ್ಡಿದೇಶ. ನಕಾಶೆಯಲ್ಲಿ ಹುಡುಕಲು ಹೋಗಬೇಡಿ. ಅದು ಬಾಲಗಾಂವದ ನಮ್ಮ ಪೈಪಿನ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಹುಟ್ಟಿ, ಒಂದು ನವರಾತ್ರಿಯಷ್ಟು ಕಾಲ ಬಾಳಿದ ದೇಶ. ಅದರ ಪ್ರಧಾನಮಂತ್ರಿ ನಾನೇ.

ನಮ್ಮದು ಪಿವಿಸಿ ಪೈಪು, ಡ್ರಿಪ್ಪಿನ ಸಾಮಾನು ಮಾರುವ ಅಂಗಡಿ. ಗಂಡ ಹೊಲಗಳಿಗೆ ಹೋಗಿ ಪೈಪು ಜೋಡಿಸಿಕೊಟ್ಟು ಬರುತ್ತಾರೆ, ಗಲ್ಲೆಯ ಮೇಲೆ ನಾನು ಕೂರುತ್ತೇನೆ. ಆ ವರ್ಷ ಬೇಸಿಗೆಯಿಡೀ ಅಂಗಡಿಯ ಟಿವಿಯಲ್ಲಿ ಕ್ಷಿಪಣಿಗಳದ್ದೇ ಸುದ್ದಿ. ಪೈಪು ತಿರುಗಿಸುವ ಎಲ್ಬೋ ಕೊಳ್ಳಲು ಬಂದವರು ಎಲ್ಬೋ ಮರೆತು ನಿಂತು ನೋಡುತ್ತಿದ್ದರು. ಇಂಥದ್ದು ಎಷ್ಟು ದೂರ ಹೋಗುತ್ತದೆ, ಅಂಥದ್ದು ಇನ್ನೆಷ್ಟು ದೂರ ಹೋಗುತ್ತದೆ ಎಂದು ಸ್ವತಃ ಹಾರಿಸಿ ಬಂದವರ ಹಾಗೆ ವಾದ ಮಾಡುತ್ತಿದ್ದರು. ಕೇಳಿ ಕೇಳಿ ನನಗೆ ತಲೆ ಕೆಟ್ಟಿತ್ತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಆಸೆಯೂ ಹುಟ್ಟಿತ್ತು. ಪೈಪು, ವಾಲ್ವು, ಪ್ರೆಶರ್ ಗೇಜು ಇವೆಲ್ಲ ನನ್ನ ಬೆನ್ನ ಹಿಂದೆಯೇ ಇದ್ದವು. ನಾನೊಂದು ಹಾರಿಸಿದರೆ ಹೇಗೆ ಎಂಬ ವಿಚಾರ ತಲೆಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ.

ಅದಕ್ಕೆ ಸರಿಯಾಗಿ ನವರಾತ್ರಿ ಮಂಡಳದ ಸಭೆ ಬಂತು. ನಮ್ಮ ಓಣಿಯ ಮಂಡಳದಲ್ಲಿ ಒಂಬತ್ತನೆಯ ದಿನ ಸಂಜೆಯ ಕಾರ್ಯಕ್ರಮ ಮೊದಲಿನಿಂದ ಗಂಡಸರದ್ದು. ಡಿಜೆ ಹಚ್ಚಿ ಕುಣಿಯುವುದಕ್ಕೆ ಅವರು ಕಾರ್ಯಕ್ರಮ ಎನ್ನುತ್ತಿದ್ದರು. ಈ ಸಲ ಆ ಸಂಜೆ ನಮಗೆ ಕೊಡಿ ಎಂದು ಓಣಿಯ ಹೆಂಗಸರೆಲ್ಲ ಪಟ್ಟು ಹಿಡಿದೆವು. ನಾವು ದೇಖಾವೆ ಮಾಡುತ್ತೇವೆ, ಗಣಪತಿ ಮುಂದೆ ಮಾಡುತ್ತಾರಲ್ಲ ಹಾಗೆ ಗೊಂಬೆ, ಬೆಳಕು, ಮೈಕಿನಲ್ಲಿ ಕಥೆ ಎಲ್ಲ ಇರುತ್ತದೆ, ಕೊನೆಗೆ ಕ್ಷಿಪಣಿ ನಿಜವಾಗಿ ಹಾರುತ್ತದೆ ಎಂದು ನಾನು ಎದ್ದು ನಿಂತು ಹೇಳಿಬಿಟ್ಟೆ.

ಮಂಡಳದ ಅಧ್ಯಕ್ಷರು ನಕ್ಕರು. "ಕೊಡೋಣ ತಗೋರಿ. ಆದ್ರ ಯಾವ ದೇಶದ ಹೆಸರೂ ತಗೀಬ್ಯಾಡ್ರಿ, ಪರವಾನಗಿ ಸಿಗೂದಿಲ್ಲ. ಮತ್ತ ಹಾರಲಿಲ್ಲಂದ್ರ ಮುಂದಿನ ವರ್ಷದಿಂದ ಈ ಸಂಜಿ ನಮ್ಮದು, ಮತ್ತ ಕೇಳೂಹಂಗಿಲ್ಲ."

"ಹಾರಸೇ ಹಾರಸ್ತೀವ್ರಿ," ಎಂದೆ.

ಆಗ ಹಿಂದಿನಿಂದ ಒಂದು ದನಿ ಬಂತು. "ಆಕಿ ಹಿಡದದ್ದು ಯಾವುದು ಪೂರಾ ಆಗೇದ? ಅರ್ಧಂಬರ್ಧ!" ಬೇರೆ ಯಾರೂ ಅಲ್ಲ, ನನ್ನ ಅತ್ತೆ.

ಅವರ ಮಾತು ಸುಳ್ಳಾಗಿರಲಿಲ್ಲ, ಅದಕ್ಕೇ ಹೆಚ್ಚು ಉರಿಯಿತು. ಒಂದು ತೋಳಿಗೆ ನಿಂತ ಸ್ವೆಟರು, ಎರಡನೇ ವರ್ಷಕ್ಕೆ ಬಿಟ್ಟ ಕಾಲೇಜು, ಒಂದೇ ಸಾಲು ನೆಟ್ಟು ಕೈಬಿಟ್ಟ ಹಿತ್ತಲು, ಕತ್ತರಿಸಿಟ್ಟು ಹೊಲಿಯದ ಝಂಪರು ಹೀಗೆ ನಮ್ಮ ಮನೆಯ ಮೂಲೆಮೂಲೆಗೂ ನನ್ನ ಅರ್ಧ ಕೆಲಸಗಳಿದ್ದವು. ಮದುವೆಯಾಗಿ ಬೆಳುಂಕಿಯಿಂದ ಈ ಮನೆಗೆ ಬಂದಾಗಿನಿಂದ ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ಅರ್ಧಂಬರ್ಧ ಎಂದು ಕರೆದದ್ದೇ ಜಾಸ್ತಿ. ಈ ಸಲ ನೋಡಿಯೇ ಬಿಡೋಣ ಎಂದು ಹಲ್ಲು ಕಚ್ಚಿದೆ. ದೊಡ್ಡ ಕ್ಷಿಪಣಿಗೆ ಅತ್ತಿ ಎಂದು ಹೆಸರಿಟ್ಟದ್ದು ಅದೇ ಸಿಟ್ಟಿನಲ್ಲಿ. ಅವರ ಮಾತು ಅಷ್ಟು ದೂರದಿಂದ ಬಂದು ಅಷ್ಟು ಸರಿಯಾಗಿ ನಾಟುತ್ತಿತ್ತು.

ನನ್ನ ರಕ್ಷಣಾ ಮಂತ್ರಿ ಪಕ್ಕದ ಮನೆಯ ಗೆಳತಿ. ಅವರದು ಕುರಿ ಸಾಕುವ ಮನೆತನ. ಆಕೆ ಈಗಲೂ ವಾರದಲ್ಲಿ ಕೆಲವು ದಿನ ಕುರಿಯ ಹಿಂದೆ ಹೋಗುತ್ತಾಳೆ, ಸೊಂಟದಲ್ಲಿ ಕವಣೆ ಇರುತ್ತದೆ. ಟಿವಿಯಲ್ಲಿ ಬ್ಯಾಲಿಸ್ಟಿಕ್ ಬ್ಯಾಲಿಸ್ಟಿಕ್ ಎನ್ನುತ್ತಾರಲ್ಲ, ಅದೇನು ಎಂದು ನನಗೆ ಫೋನಿನಲ್ಲಿ ಎಷ್ಟು ವಿಡಿಯೋ ನೋಡಿದರೂ ತಲೆಗೆ ಹೋಗಿರಲಿಲ್ಲ. ಕೊನೆಗೆ ತಿಳಿದದ್ದು ಇಷ್ಟು: ಮೊದಲು ಜೋರಾಗಿ ತಳ್ಳಿ ಬಿಡುವುದು, ಆಮೇಲೆ ಅದು ತನ್ನಷ್ಟಕ್ಕೆ ಬಾಗಿ ಹೋಗಿ ಬೀಳುವುದು. ಇದನ್ನು ಹೇಳಿದಾಗ ಗೆಳತಿ ಕವಣೆಗೆ ಕಲ್ಲು ಹಾಕಿ, ತಿರುವಿ, ಊರ ಹೊರಗಿನ ಕಲ್ಲುಬಯಲು, ನಮ್ಮ ಮಡ್ಡಿಯ ಮೇಲಿನ ಒಂದು ಮುಳ್ಳಿನ ಕಾರಿ ಕಂಟಿಗೆ ಹೊಡೆದು ತೋರಿಸಿದಳು.

"ಇದ ಹೌದಿಲ್ಲೊ? ಕೈ ಬಿಟ್ಟ ಮ್ಯಾಲ ಕಲ್ಲು ಯಾರ ಮಾತೂ ಕೇಳೂದಿಲ್ಲ. ಏನ ಹೇಳೂದದ, ಬಿಡೂಕಿಂತ ಮದಲ ಹೇಳಬೇಕು."

ಅಲ್ಲಿಗೆ ನಮ್ಮ ದೇಶದ ಸಂಶೋಧನಾ ಕೇಂದ್ರ ಶುರುವಾಯಿತು. ಬೆಂಕಿ ಬೇಡ, ಮದ್ದು ಬೇಡ, ನೀರು ಮತ್ತು ಗಾಳಿ ಎಂದು ಮೊದಲೇ ನಿರ್ಧರಿಸಿದ್ದೆವು. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ನೀರು ತುಂಬಿ, ಅರ್ಧ ಇಂಚಿನ ಪೈಪಿಗೆ ಬೋರಲು ಸಿಕ್ಕಿಸುವುದು. ಪೈಪಿನ ಇನ್ನೊಂದು ತುದಿಗೆ ಗಾಡಿಯ ಟಯರಿನ ವಾಲ್ವು. ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬಾಟಲಿಯನ್ನು ಹಿಡಿದಿಟ್ಟ ಪಟ್ಟಿಯನ್ನು ಹುರಿಯಿಂದ ಎಳೆದರೆ, ನೀರು ಕೆಳಕ್ಕೆ, ಬಾಟಲಿ ಮೇಲಕ್ಕೆ. ಡ್ರಿಪ್ಪಿನ ಗೇಜು ಹಚ್ಚಿದ್ದರಿಂದ ಎಷ್ಟು ಪ್ರೆಶರು ತುಂಬಿದೆ ಎಂಬುದೂ ಕಾಣುತ್ತಿತ್ತು. ಬಾಟಲಿಗೆ ಬೆಳ್ಳಿ ಕಾಗದ ಸುತ್ತಿ, ಹಳೆಯ ಬ್ಯಾನರಿನ ರಟ್ಟಿನಿಂದ ರೆಕ್ಕೆ ಕತ್ತರಿಸಿ ಅಂಟಿಸಿ, ಮೂತಿಗೆ ಎಣ್ಣೆ ಸುರಿಯುವ ಲಾಳಿಕೆ ಕೂರಿಸಿದಾಗ ಕೂಸು ತಯಾರಾಯಿತು. ನೋಡಿ ನಾವಿಬ್ಬರೂ ಗೋದಾಮಿನಲ್ಲೇ ಕುಣಿದೆವು.

ಕೂಸಿನ ಮೊದಲ ಪರೀಕ್ಷೆ ಊರ ಹೊರಗಿನ ಮಡ್ಡಿಯಲ್ಲಿ. ಹುರಿ ಎಳೆದೆ. ಭುಸ್ ಎಂದು ನೀರೆಲ್ಲ ನನ್ನ ಸೀರೆಗೆ, ಕ್ಷಿಪಣಿ ಗೆಳತಿಯ ಕುರಿಗಳ ನಡುವೆ. ಹಿಂಡು ಚೆಲ್ಲಾಪಿಲ್ಲಿ. ಅವುಗಳನ್ನು ಕೂಡಿಸುವಷ್ಟರಲ್ಲಿ ಮಂತ್ರಿಗೂ ಪ್ರಧಾನಿಗೂ ಒಂದಿಷ್ಟು ಬಾಯಿಬಾಯಿ ಆಯಿತು. ರೆಕ್ಕೆ ಓರೆಯಾಗಿತ್ತು ಎಂದು ಆಕೆ, ನೀನೇ ಸರಿಯಾಗಿ ಹಿಡಿಯಲಿಲ್ಲ ಎಂದು ನಾನು. ಎರಡನೇ ಸಲ ರೆಕ್ಕೆ ನೆಟ್ಟಗೆ ಮಾಡಿ ಎಳೆದರೆ, ಅಬ್ಬಾ! ಸರ್ರನೆ ಹೋಯಿತು ನೋಡಿ, ಕುತ್ತಿಗೆ ಹಿಂದಕ್ಕೆ ವಾಲುವಷ್ಟು ಮೇಲೆ. ಅಲ್ಲಿ ಒಂದು ಕ್ಷಣ ನಿಂತು, ಬೆಳಗಿನ ಬಿಸಿಲಿಗೆ ಹೊಳೆದು, ಬಾಗಿ ಇಳಿಯಿತು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ಗಂಡನೆದುರೇ ಹೇಳಿದ್ದೇನೆ.

ಕೂಸು ಕೂಗಳತೆಯ ದೂರ ಹೋಗುತ್ತದೆ, ತಂಗಿ ಹಳ್ಳದ ತನಕ, ಅಕ್ಕ ಮುಂದಿನ ಊರಿನ ಸೀಮೆಯ ತನಕ, ಅವ್ವ ಬೆಳುಂಕಿಯ ತನಕ, ಅತ್ತಿ ಎಲ್ಲಿ ಬೇಕಾದರೂ ಎಂದು ನಾವು ಮೈಕಿನ ಕಥೆಗೆ ಬರೆದುಕೊಂಡೆವು. ನಿಜದಲ್ಲಿ ಯಾವುದೂ ಹಳ್ಳ ದಾಟುವಂಥದ್ದಲ್ಲ. ಬೇರೆ ದೇಶಗಳೂ ಇಷ್ಟೋ ಅಷ್ಟೋ ಸೇರಿಸಿಯೇ ಹೇಳುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡೆವು. ನಮ್ಮ ಬಾವುಟ ಕರಿ ಬಟ್ಟೆಯ ಮೇಲೆ ಬಿಳಿ ರೊಟ್ಟಿ. ರಾಷ್ಟ್ರೀಯ ಪ್ರಾಣಿ ಟಗರು, ಅದಕ್ಕೆ ಮಂತ್ರಿಯ ಒತ್ತಾಯವೇ ಕಾರಣ.

ತಂಗಿ, ಅಕ್ಕ, ಅವ್ವ ಸಲೀಸಾಗಿ ತಯಾರಾದವು, ಅತ್ತಿ ಮಾತ್ರ ಸತಾಯಿಸಿತು. ಎರಡು ದೊಡ್ಡ ಬಾಟಲಿಗಳನ್ನು ಒಂದರ ಬುಡಕ್ಕೊಂದು ಜೋಡಿಸಿದ್ದೆ. ಗಾಳಿ ತುಂಬಿದರೆ ಬೆಸುಗೆಯಲ್ಲಿ ಸೋರುತ್ತಿತ್ತು. ಒಂದು ಅಂಟು ಹಿಡಿಯಲಿಲ್ಲ, ಇನ್ನೊಂದು ಬಾಟಲಿಯನ್ನೇ ತಿಂದಿತು. ಎಷ್ಟು ಬಾಟಲಿ ಹಾಳು ಮಾಡಿದೆನೋ ಲೆಕ್ಕವಿಲ್ಲ. ಒಂದು ಮಧ್ಯಾಹ್ನ ಎಲ್ಲ ಬಿಸಾಕಿ, ಅವ್ವನ ತನಕ ಸಾಕು, ಅತ್ತಿ ಸುಮ್ಮನೆ ನಿಂತಿರಲಿ ಎಂದು ಗೋದಾಮಿನ ನೆಲದ ಮೇಲೆ ಕೂತುಬಿಟ್ಟೆ. ಆ ಹೊತ್ತಿಗೆ ಅತ್ತೆ ಚಹಾ ತಂದರು. ಸುತ್ತ ಬಿದ್ದ ಬಾಟಲಿಗಳನ್ನೂ ನನ್ನ ಮುಖವನ್ನೂ ನೋಡಿದರು. ಈಗ ಅರ್ಧಂಬರ್ಧ ಎಂಬ ಮಾತು ಬರುತ್ತದೆ ಎಂದು ನಾನು ಕಾದೆ. ಅವರು ಕೇಳಿದ್ದೇ ಬೇರೆ.

"ಇವನ್ನ ಯಾರ ಮ್ಯಾಲ ಬಿಡಾವ್ರು? ವೈರಿ ಯಾರು?"

"ಇನ್ನೂ ಗೊತ್ತು ಮಾಡಿಲ್ರಿ."

"ವೈರಿ ಇಲ್ಲದ ಇಷ್ಟ್ಯಾಕ ಬೇಕ?"

"ಇರ್ಲಿ ಅಂತ್ರಿ. ಮನ್ಯಾಗ ಕೊಡ್ಲಿ ಇರೂದಿಲ್ಲೇನ್ರಿ, ಹಂಗ."

"ಹಾಂ," ಎಂದು ತಲೆಯಾಡಿಸಿದರು. "ಚಹಾ ಆರತದ, ಕುಡಿ."

ಅವರು ಹೋದ ಮೇಲೆ ಯಾಕೋ ಮತ್ತೆ ಒಂದು ಸಲ ನೋಡೋಣ ಅನ್ನಿಸಿತು. ಈ ಸಲ ಬೆಸುಗೆಯನ್ನು ಮರಳು ಕಾಗದದಿಂದ ಉಜ್ಜಿ, ಮೇಲೆ ಹೊರಗಿನಿಂದ ಇನ್ನೊಂದು ಬಾಟಲಿಯ ಪಟ್ಟಿಯನ್ನೇ ತೋಳಿನ ಹಾಗೆ ತೊಡಿಸಿದೆ. ಎರಡು ಪೈಪು ಕೂಡಿಸಲು ಹೊರಗಿನಿಂದ ಕಪ್ಲರ್ ಹಾಕುವುದಿಲ್ಲವೇ, ಅದೇ ಉಪಾಯ. ಇಷ್ಟು ವರ್ಷ ಕಪ್ಲರ್ ಮಾರಿದವಳಿಗೆ ಇದು ಹೊಳೆಯಲು ಅಷ್ಟು ದಿನ ಬೇಕಾಯಿತಲ್ಲ ಎಂದು ನನ್ನ ಹಣೆ ನಾನೇ ಬಡಿದುಕೊಂಡೆ. ಕಾರ್ಯಕ್ರಮದ ಹಿಂದಿನ ದಿನ ಸಂಜೆ ಗಾಳಿ ತುಂಬಿ ನೋಡಿದೆ. ಗೇಜಿನ ಮುಳ್ಳು ನಿಂತಲ್ಲೇ ನಿಂತಿತು. ಹಾರಿಸಿ ನೋಡಲು ಹೊತ್ತಿರಲಿಲ್ಲ. ಹಾರುವುದಿದ್ದರೆ ಜನರ ಮುಂದೆಯೇ ಹಾರಲಿ ಎಂದು ಐದನ್ನೂ ಗೋದಾಮಿನಲ್ಲಿ ಸಾಲಾಗಿ ನಿಲ್ಲಿಸಿ ಮಲಗಿದೆ.

ಇನ್ನು ನಾವು ಮಾಡಿದ ತಪ್ಪು. ಇಂಥ ತಪ್ಪನ್ನು ನಮ್ಮ ಕಡೆಯವರೇ ಮಾಡಬೇಕು. ಸಭೆಯಲ್ಲಿ ಅಷ್ಟು ಜನ ಕೂತು ಅಷ್ಟು ವಾದ ಮಾಡಿದೆವಲ್ಲ, ನವರಾತ್ರಿಯ ಒಂಬತ್ತನೆಯ ದಿನ ಎಂದರೆ ಖಂಡೇನವಮಿ ಎಂಬುದು ಒಬ್ಬರ ತಲೆಗೂ ಬರಲಿಲ್ಲ. ಆ ದಿನ ಮನೆಯ ಆಯುಧ, ಉಪಕರಣ ಎಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ ಪೂಜೆ ಮಾಡುತ್ತೇವೆ. ಪೂಜೆ ಆದದ್ದನ್ನು ಮರುದಿನ ಬನ್ನಿ ಹಂಚಿಕೊಳ್ಳುವ ತನಕ ಯಾರೂ ಮುಟ್ಟುವುದಿಲ್ಲ. ಕುಡುಗೋಲು ಕೊಯ್ಯುವುದಿಲ್ಲ, ತಕ್ಕಡಿ ತೂಗುವುದಿಲ್ಲ, ಟ್ರ್ಯಾಕ್ಟರ್ ಮನೆ ಬಿಟ್ಟು ಕದಲುವುದಿಲ್ಲ. ಡಿಜೆ ಕುಣಿತಕ್ಕೆ ಇದರಿಂದ ಎಂದೂ ತೊಂದರೆಯಾಗಿರಲಿಲ್ಲ, ಹಾಗಾಗಿ ಯಾರಿಗೂ ನೆನಪಾಗಿರಲಿಲ್ಲ.

ನಾನು ಬೆಳಿಗ್ಗೆಯಿಂದ ಮಂಟಪದಲ್ಲಿ ಪರದೆ ಕಟ್ಟುತ್ತಿದ್ದೆ. ಮಧ್ಯಾಹ್ನ ಕ್ಷಿಪಣಿ ತರಲು ಗೋದಾಮಿಗೆ ಬಂದರೆ ಊದುಬತ್ತಿಯ ಹೊಗೆ. ಪೈಪು ಕೊಯ್ಯುವ ಗರಗಸ, ನಟ್ಟು ಬಿಗಿಯುವ ಪಾನಾ, ತಕ್ಕಡಿ, ಮನೆಯ ಕೊಡಲಿ, ಒರಳು ಎಲ್ಲ ಸಾಲಾಗಿ ಕೂತಿವೆ. ಸಾಲಿನ ತುದಿಯಲ್ಲಿ ನನ್ನ ಐದು ಹೆಣ್ಣುಮಕ್ಕಳು. ಮೂತಿಯಿಂದ ರೆಕ್ಕೆಯವರೆಗೆ ವಿಭೂತಿಯ ಪಟ್ಟೆ, ನಡುವೆ ಕುಂಕುಮ. ಅತ್ತಿಗೆ ಎಲ್ಲಕ್ಕಿಂತ ದಪ್ಪ ಮಾಲೆ, ಬರೆದ ಹೆಸರು ಕಾಣದಷ್ಟು. ಸೈಕಲ್ ಪಂಪಿಗೂ ಒಂದು ಹೂವು. ಅತ್ತೆ ಎದುರು ಕಾಯಿ ಒಡೆದು, ಆಗತಾನೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ಅತ್ಯಾರ! ಏನ ಮಾಡೀರಿ ಇದು!"

"ಏನ ಮಾಡಿನಿ? ಖಂಡೇ ಪೂಜಿ."

"ಇವು ಸಂಜಿಕ ಹಾರಬೇಕಲ್ರಿ!"

"ಪೂಜಿ ಆಗೇದ. ಇವತ್ತ ಎತ್ತೂಹಂಗಿಲ್ಲ. ಮನ್ಯಾಗಿನ ಕೊಡ್ಲಿ ಇದ್ದಂಗ ಅಂತ ನೀನ ಹೇಳಿದ್ದಿ."

ನನಗೆ ಬಂದ ಸಿಟ್ಟು ಹೇಳತೀರದು. ಬಾಟಲಿ ಅವು, ಖಾಲಿ ಬಾಟಲಿ ಎಂದು ಕಿರುಚಿದೆ. ಬೇಕೆಂದೇ ಮಾಡಿದ್ದೀರಿ, ನಾನು ಸೋಲಲಿ ಎಂದೇ ಮಾಡಿದ್ದೀರಿ ಎಂದೂ ಅಂದೆ. ಅತ್ತೆ ಕಾಯಿಯ ಹೋಳುಗಳನ್ನು ತಟ್ಟೆಗೆ ಹಾಕಿಕೊಂಡು ಒಳಗೆ ಹೋದರು. ಗೆಳತಿ ಬಂದು ಬಾಗಿಲಲ್ಲೇ ನಿಂತಳು. ಆಕೆಯೂ ಬೆಳಿಗ್ಗೆ ಕವಣೆಗೆ ಪೂಜೆ ಮಾಡಿ ಗೂಟಕ್ಕೆ ನೇತುಹಾಕಿ ಬಂದಿದ್ದಳು, ಸೊಂಟ ಖಾಲಿಯಿತ್ತು. ಬೇರೆ ಬಾಟಲಿ ತಂದು ಮಾಡಲು ವೇಳೆ ಇರಲಿಲ್ಲ. ಇದ್ದರೂ ಪಂಪು ಪೂಜೆಯಲ್ಲಿತ್ತು.

ನಾನು ಮಾಲೆ ಹರಿಯಲು ಎರಡು ಸಲ ಕೈ ಚಾಚಿದೆ, ಎರಡು ಸಲವೂ ಕೈ ಬರಲಿಲ್ಲ. ಹುಟ್ಟಿದಾಗಿನಿಂದ ಖಂಡೇನವಮಿಯ ದಿನ ಈಳಿಗೆ ಮುಟ್ಟದ ಕೈ ಅದು. ಕೊನೆಗೆ ಅವುಗಳನ್ನು ಅಲ್ಲೇ ಬಿಟ್ಟು, ಗೋದಾಮಿನ ಬಾಗಿಲು ಎರಡೂ ಕಡೆ ತೆರೆದು, ಮೈಕು ಅಲ್ಲಿಗೇ ಎಳೆಸಿದೆ. ಮೈಕಿಗೂ ಪೂಜೆ ಆಗಿದೆಯೇ ಎಂದು ಅತ್ತೆಯನ್ನು ಕೇಳಿ ಕಳಿಸಿದೆ, ವ್ಯಂಗ್ಯಕ್ಕೆ. "ಅದಕ್ಕ ಮಾಡಿಲ್ಲ, ಮಾತಾಡ್ಲಿ," ಎಂಬ ಉತ್ತರ ಬಂತು.

ಸಂಜೆ ಜನ ಕಿಕ್ಕಿರಿದು ಸೇರಿದರು. ದೀಪ ಹಚ್ಚಿದಾಗ ವಿಭೂತಿ ಬಳಿದುಕೊಂಡ ಐದು ಕ್ಷಿಪಣಿಗಳು ಹೊಳೆದವು ನೋಡಿ, ಜನ ಹೋ ಎಂದರು. ನಮ್ಮದು ಗಡಿಯೂರಾದ್ದರಿಂದ ನಾನು ಕನ್ನಡದಲ್ಲೂ ಮರಾಠಿಯಲ್ಲೂ ಒಂದೊಂದರ ಪರಿಚಯ ಹೇಳಿದೆ. ರೊಟ್ಟಿಯ ಬಾವುಟಕ್ಕೆ ನಕ್ಕರು, ಟಗರಿಗೆ ಚಪ್ಪಾಳೆ ಹೊಡೆದರು. ಐದನೆಯದರ ಹೆಸರು ಸರಕಾರದ ಗುಪ್ತ ವಿಷಯ ಎಂದು ಹೇಳಿ ಪಾರಾದೆ, ಏಕೆಂದರೆ ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಲ್ಲಿಯ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಹಿಂದಿನಿಂದ ಹುಡುಗರು ಮರಾಠಿಯಲ್ಲಿ ಶುರು ಮಾಡಿದರು, "ಉಡವಾ! ಉಡವಾ!"

ಹಾರಿಸಿ, ಹಾರಿಸಿ ಎಂಬ ಕೂಗು ಎಲ್ಲ ಕಡೆಯಿಂದ ಬಂತು. "ಮಡ್ಡಿದೇಶದಾಗೂ ಇವತ್ತ ಖಂಡೇನವಮಿ ಅದರಿ," ಎಂದೆ. "ನಮ್ಮ ದೇಶದಾಗ ಪೂಜಿ ಆದ ಆಯುಧ ಇವತ್ತ ಏಳೂದಿಲ್ರಿ." ಮೊದಲು ನಕ್ಕರು. ನಿಜವಾಗಿಯೂ ಹಾರುವುದಿಲ್ಲ ಎಂದು ತಿಳಿದಾಗ ಗುಜುಗುಜು ಶುರುವಾಯಿತು. ಅಧ್ಯಕ್ಷರು ಎದ್ದು, "ಆತಲ್ರಿ, ಮುಗೀತು. ಮುಂದಿನ ವರ್ಷ ಡಿಜೆ," ಎಂದರು. ನಮ್ಮ ಹೆಂಗಸರ ಮುಖ ಇಳಿಯಿತು. ನಾನು ಮೈಕು ಕೆಳಗಿಟ್ಟೆ.

ಆಗ ಅತ್ತೆ ಎದ್ದರು. ಮೈಕು ಬೇಕಾಗುವ ದನಿ ಅಲ್ಲ ಅದು. "ಕುಂದ್ರಿ ಅಧ್ಯಕ್ಷರ. ನಿಮ್ಮ ಟ್ರ್ಯಾಕ್ಟರ್ ಇವತ್ತ ಯಾಕ ಬಾಗಲಾಗ ನಿಂತದ? ಹಾರಸೂದಿಲ್ಲ ಅಂತ ಆಕಿ ಎಲ್ಲಿ ಹೇಳ್ಯಾಳ? ನಾಳೆ ಬನ್ನಿ ಗಿಡದ ಹಂತ್ಯಾಕ ಬರ್ರಿ ಎಲ್ಲಾರೂ. ಹಾರಲಿಲ್ಲಂದ್ರ ನನ್ನ ಕೇಳ್ರಿ."

ಟ್ರ್ಯಾಕ್ಟರಿನ ಮಾತು ಕೇಳಿ ಅಧ್ಯಕ್ಷರು ಕೂತರು. ಮಾತು ಕೊಟ್ಟವರು ಅತ್ತೆ, ಎಂದೂ ಹಾರಿ ನೋಡದ ಕ್ಷಿಪಣಿ ನನ್ನದು.

ಮರುದಿನ ಮಡ್ಡಿಯ ಬನ್ನಿ ಗಿಡದ ಸುತ್ತ ಹಿಂದಿನ ದಿನಕ್ಕಿಂತ ಹೆಚ್ಚು ಜನ. ಪೂಜೆ ಮುಗಿದು, ಎಲೆ ಹರಿದುಕೊಂಡು, ಬನ್ನಿ ತಗೊಂಡು ಬಂಗಾರದಂಗ ಇರೋಣು ಎಂದು ಎಲ್ಲರೂ ಎಲ್ಲರಿಗೂ ಕೊಟ್ಟಾಯಿತು. ಅಧ್ಯಕ್ಷರೂ ನನಗೆ ಕೊಟ್ಟರು, ನಾನೂ ಕೊಟ್ಟೆ. ಆಮೇಲೆ ಕೂಸು ಹಾರಿತು. ಹುಡುಗರು ಸಿಳ್ಳೆ ಹಾಕಿದರು. ತಂಗಿ ಹಾರಿತು, ಅಕ್ಕ ಹಾರಿತು. ಅವ್ವ ಗಾಳಿಗೆ ಓಲಾಡಿದರೂ ಹೋಯಿತು. ಪ್ರತಿ ಸಲ ಗೆಳತಿ ಗಾಳಿಯ ದಿಕ್ಕು ನೋಡಿ ಪೈಪನ್ನು ಓರೆ ಮಾಡುತ್ತಿದ್ದಳು. ಉಳಿದದ್ದು ಅತ್ತಿ. ಮಾಲೆ ತೆಗೆದೆ. ದಪ್ಪ ಅಕ್ಷರದ ಹೆಸರು ಹೊರಬಿತ್ತು. ಅತ್ತೆ ಪಕ್ಕದಲ್ಲೇ ನಿಂತು ಓದಿದರು.

"ಇದು ನನ್ನ ಹೆಸರಿಂದೇನ?"

"ಹೂಂನ್ರಿ," ಎಂದೆ.

"ಎಲ್ಲಾಕಿಂತ ದೊಡ್ಡದೇನ?"

"ಹೂಂನ್ರಿ."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ತಾ ಆ ಪಂಪ. ನಂದು ನಾನ ತುಂಬತೀನಿ."

ಅವರು ಗಾಳಿ ಹೊಡೆಯುತ್ತಿದ್ದರೆ ಹೆಂಗಸರೆಲ್ಲ ಹೋ ಹೋ ಎಂದು ದನಿ ಕೂಡಿಸಿದರು. ನಾನು ಗೇಜು ನೋಡುತ್ತಾ ಕೂತೆ. ಮುಳ್ಳು ಏರುತ್ತಿತ್ತು, ಬೆಸುಗೆ ತಡೆದಿತ್ತು. ಸಾಕು ಎಂದೆ. "ಇನ್ನೊಂದೀಟು," ಎಂದರು ಅತ್ತೆ. ಹುರಿಯನ್ನೂ ಅವರೇ ಹಿಡಿದರು. "ಹಾರ್‍ಯಾಳ ನೋಡ್ರಿ," ಎಂದು ಎಳೆದರು.

ಭುಸ್ಸೆಂದು ನೀರು ನಮ್ಮಿಬ್ಬರನ್ನೂ ತೋಯಿಸಿತು. ನಾನು ಕಣ್ಣು ಒರೆಸಿ ನೋಡುವಷ್ಟರಲ್ಲಿ ಅತ್ತಿ ಬನ್ನಿ ಗಿಡದ ತುದಿ ದಾಟಿ, ಹಕ್ಕಿಗಳ ಎತ್ತರ ದಾಟಿ, ಇನ್ನೂ ಏರುತ್ತಿತ್ತು. ಇಡೀ ಬಾಲಗಾಂವವೇ ತಲೆ ಎತ್ತಿ ನಿಂತಿತ್ತು. ಮೇಲೆ ಒಮ್ಮೆ ಮಿಂಚಿ, ನಿಧಾನಕ್ಕೆ ಬಾಗಿ, ಹಳ್ಳದ ಆಚೆ ಜಾಲಿಯಲ್ಲಿ ಹೋಗಿ ಬಿತ್ತು. ಹಳ್ಳ ದಾಟಿತ್ತು! ನಾನು ಕೂಗಿದ ಕೂಗಿಗೆ ಮೂರು ದಿನ ಗಂಟಲು ಬಿದ್ದಿತ್ತು. ಹುಡುಗರು ಅದನ್ನು ತರಲು ಓಡಿದರು. ಅಧ್ಯಕ್ಷರು ಬಂದು, "ಆತ್ರಿ, ಮುಂದಿನ ವರ್ಷಾನೂ ನಿಮ್ಮದ. ದಿನ ಮಾತ್ರ ನೋಡಿ ಇಡ್ರಿ," ಎಂದರು.

ಹೊತ್ತು ಮುಳುಗುವ ವೇಳೆಗೆ ಅತ್ತೆಯೂ ನಾನೂ ಒದ್ದೆ ಸೀರೆಯಲ್ಲೇ ಮನೆಯ ಕಡೆ ನಡೆದೆವು. ಹಿಂದಿನ ದಿನ ನಾನಾಡಿದ ಮಾತು ನನ್ನನ್ನು ಚುಚ್ಚುತ್ತಿತ್ತು. ಸಿಟ್ಟಿನಲ್ಲಿ ಅಂದೆ, ತಪ್ಪಾಯಿತು ಎಂದೆ. ಅವರು ಕೈ ಬೀಸಿ ಅದನ್ನು ತಳ್ಳಿಹಾಕಿದರು. ಆದರೂ ನನಗೆ ಒಂದು ಪ್ರಶ್ನೆ ಉಳಿದಿತ್ತು.

"ಅತ್ಯಾರ, ಖಾಲಿ ಬಾಟಲಿ ಅಂತ ನಿಮಗೂ ಗೊತ್ತಿತ್ತಲ್ರಿ. ಪೂಜಿ ಯಾಕ ಮಾಡಿದ್ರಿ?"

ಅವರು ನಡೆಯುತ್ತಲೇ ಹೇಳಿದರು. "ಅರ್ಧಾ ಆದದ್ದಕ್ಕ ಯಾರರೆ ಪೂಜಿ ಮಾಡತಾರೇನ? ನಿನ್ನ ಝಂಪರಿಗಿ ಒಮ್ಮೆರೆ ಮಾಡಿನೇನ? ಇದು ಪೂರಾ ಆಗಿತ್ತು, ಮಾಡಿದೆ."

ನಾನು ಅಲ್ಲೇ ನಿಂತೆ. ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿ, ನನ್ನ ಹೆಸರು ಹಿಡಿದು ಕರೆದರು.